ಯಾವ ಅಂಗಡಿಯವರನ್ನು ಕೇಳಿದರು?

‘ಬಿಲ್‌ಬೋರ್ಡ್’ ಎಂಬ ಅಮೆರಿಕದ ಸಂಗೀತ ಪತ್ರಿಕೆಯ 1942ರ ಅಕ್ಟೋಬರ್ 24ರ ಸಂಚಿಕೆಯಲ್ಲಿ ಹೊಸದೊಂದು ಪಟ್ಟಿ ಅಚ್ಚಾಯಿತು. ಹೆಸರು ‘ಹಾರ್ಲೆಮ್ ಹಿಟ್ ಪರೇಡ್’. ಹಾರ್ಲೆಮ್ ಎಂದರೆ ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನ ಹೆಚ್ಚಾಗಿ ವಾಸವಿದ್ದ ಬಡಾವಣೆ. ಅಲ್ಲಿಯ ಜನ ಆ ವಾರ ಯಾವ ಗ್ರಾಮಫೋನ್ ರೆಕಾರ್ಡುಗಳನ್ನು ಹೆಚ್ಚು ಕೊಂಡರು ಎಂಬುದನ್ನು ಒಂದರಿಂದ ಹತ್ತರವರೆಗೆ ಕ್ರಮವಾಗಿ ಕೊಟ್ಟಿದ್ದರು. ಲೆಕ್ಕ ಬಂದದ್ದು ಬೆರಳೆಣಿಕೆಯಷ್ಟು ಅಂಗಡಿಗಳಿಂದ. ರೇನ್‌ಬೋ ಮ್ಯೂಸಿಕ್ ಶಾಪ್, ಹಾರ್ವರ್ಡ್ ರೇಡಿಯೋ ಶಾಪ್, ರೇಯ್ಸ್ ಮ್ಯೂಸಿಕ್ ಶಾಪ್ ಮುಂತಾದ ಹೆಸರುಗಳೂ ಪಟ್ಟಿಯ ಜೊತೆಗೇ ದಾಖಲಾಗಿವೆ. ಮೊದಲ ವಾರ ಮೊದಲ ಸ್ಥಾನದಲ್ಲಿದ್ದದ್ದು ಆ್ಯಂಡಿ ಕರ್ಕ್ ಮತ್ತು ಅವರ ಬ್ಯಾಂಡು ನುಡಿಸಿದ ‘ಟೇಕ್ ಇಟ್ ಅಂಡ್ ಗಿಟ್’.

ಆ ಪಟ್ಟಿಯಲ್ಲಿ ಅದೇ ಚಳಿಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಿಂಗ್ ಕ್ರಾಸ್ಬಿ ಎಂಬ ಬಿಳಿಯ ಗಾಯಕನ ‘ವೈಟ್ ಕ್ರಿಸ್‌ಮಸ್’ ಮೂರು ವಾರ ಅಲ್ಲಿಯೂ ಮೊದಲ ಸ್ಥಾನದಲ್ಲಿ ಕುಳಿತಿತು. ಹಾರ್ಲೆಮ್ಮಿನ ಜನ ಇಂಥದ್ದನ್ನೇ ಕೇಳುತ್ತಾರೆ ಎಂದು ಹೊರಗಿನವರು ಗೆರೆ ಎಳೆದುಕೊಂಡಿದ್ದರು. ಅಂಗಡಿಯ ಲೆಕ್ಕ ಆ ಗೆರೆಯನ್ನು ದಾಟಿ ಹೋಯಿತು. ಒಂದು ಊರಿನ, ಒಂದು ಸೀಮೆಯ ಮಾರಾಟ ಪಟ್ಟಿಗೆ ಇರುವ ಬೆಲೆ ಇದೇ. ಆ ಜನ ಏನನ್ನು ಇಷ್ಟಪಡಬೇಕು ಎಂಬುದನ್ನು ಅದು ಹೇಳುವುದಿಲ್ಲ, ಗಂಟಿನಿಂದ ಕಾಸು ಬಿಚ್ಚಿ ಏನನ್ನು ಮನೆಗೆ ಒಯ್ದರು ಎಂಬುದನ್ನು ಹೇಳುತ್ತದೆ. ಪ್ರಾದೇಶಿಕ ಸಂಗೀತ ಪಟ್ಟಿಗಳ ಸುಮಾರು ಎಂಬತ್ತು ವರ್ಷಗಳ ಚರಿತ್ರೆಯನ್ನು ನೋಡುತ್ತಾ ಹೋದರೆ ಎಲ್ಲ ಜಗಳಗಳೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಲೆಕ್ಕ ಕೇಳಲು ಯಾರ ಬಾಗಿಲಿಗೆ ಹೋದರು, ಯಾರ ಬಾಗಿಲನ್ನು ದಾಟಿಕೊಂಡು ಹೋದರು? ಈ ಪ್ರಶ್ನೆ ಕನ್ನಡಕ್ಕೂ ತಟ್ಟುತ್ತದೆ. ಏಕೆಂದರೆ ನಮ್ಮ ಬಾಗಿಲಿಗೆ ಯಾರೂ ಬರಲೇ ಇಲ್ಲ.

ಪಟ್ಟಿ ಎಂಬುದು ಹುಟ್ಟುವ ಮೊದಲೂ ಊರಿನ ರುಚಿಯನ್ನು ಬಲ್ಲವನು ಒಬ್ಬನಿದ್ದ, ಅಂಗಡಿಯವನು. ಆಗೆಲ್ಲ ಗ್ರಾಮಫೋನ್ ಯಂತ್ರ ಪೀಠೋಪಕರಣದ ಲೆಕ್ಕಕ್ಕೆ ಸೇರುತ್ತಿದ್ದುದರಿಂದ ರೆಕಾರ್ಡುಗಳೂ ಮೇಜು ಕುರ್ಚಿ ಮಾರುವ ಅಂಗಡಿಯಲ್ಲೇ ಸಿಗುತ್ತಿದ್ದವು. ಅಟ್ಲಾಂಟಾದ ಅಂಥದೊಂದು ಅಂಗಡಿಯ ಪೋಕ್ ಬ್ರಾಕ್‌ಮನ್, 1923ರಲ್ಲಿ ಒಕೆ ಎಂಬ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಅವರನ್ನು ಒತ್ತಾಯಿಸಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಹಳ್ಳಿಗಾಡಿನ ಪಿಟೀಲುಗಾರನ ಹಾಡನ್ನು ಧ್ವನಿಮುದ್ರಿಸಿಕೊಳ್ಳುವಂತೆ ಮಾಡಿದರು. ಪೀರ್ ಅವರಿಗೆ ಆ ಹಾಡು ಹಿಡಿಸಲಿಲ್ಲ. ಆದರೂ ಬ್ರಾಕ್‌ಮನ್ ಐದುನೂರು ಪ್ರತಿಗಳನ್ನು ತಾನೇ ಕೊಳ್ಳುವುದಾಗಿ ಹೇಳಿದ್ದರಿಂದ ಕಂಪನಿ ತನ್ನ ಕ್ಯಾಟಲಾಗಿನ ಸಂಖ್ಯೆಯನ್ನೂ ಹಾಕದೆ ಅಷ್ಟನ್ನು ಮಾತ್ರ ಒತ್ತಿ ಕಳಿಸಿತು. ನೋಡನೋಡುತ್ತಲೇ ಅವು ಖಾಲಿಯಾದವು. ಮುಂದೆ ‘ಕಂಟ್ರಿ’ ಎಂದು ಹೆಸರಾಗಿ ಬೆಳೆದ ಒಂದು ದೊಡ್ಡ ಉದ್ಯಮಕ್ಕೆ ಆ ಐದುನೂರು ಪ್ರತಿಗಳು ಅಡಿಪಾಯ ಹಾಕಿದವು. ಕಂಪನಿಯ ಕಚೇರಿ ಇದ್ದದ್ದು ನ್ಯೂಯಾರ್ಕಿನಲ್ಲಿ, ಗಿರಾಕಿಯ ಗುಟ್ಟು ಗೊತ್ತಿದ್ದದ್ದು ಅಟ್ಲಾಂಟಾದ ಅಂಗಡಿಯಲ್ಲಿ.

ಬಿಲ್‌ಬೋರ್ಡ್ ತನ್ನ ಮೊದಲ ರಾಷ್ಟ್ರೀಯ ಮಾರಾಟ ಪಟ್ಟಿಯನ್ನು ಪ್ರಕಟಿಸಿದ್ದು 1940ರ ಜುಲೈ 27ರಂದು. ಫ್ರಾಂಕ್ ಸಿನಾತ್ರಾ ದನಿಗೂಡಿಸಿದ, ಟಾಮಿ ಡಾರ್ಸೆ ವಾದ್ಯವೃಂದದ ‘ಐಲ್ ನೆವರ್ ಸ್ಮೈಲ್ ಎಗೇನ್’ ಅದರಲ್ಲಿ ಮೊದಲನೆಯದು. ಈ ಮಾತು ಎಲ್ಲ ಚರಿತ್ರೆಗಳಲ್ಲೂ ಬರುತ್ತದೆ. ಆದರೆ ಆ ಪಟ್ಟಿಯ ಜೊತೆಗೇ ಪೂರ್ವ, ಮಧ್ಯಪಶ್ಚಿಮ, ದಕ್ಷಿಣ, ಪಶ್ಚಿಮ ಕರಾವಳಿ ಎಂದು ನಾಲ್ಕು ಸೀಮೆಗಳ ಬೇರೆ ಬೇರೆ ಪಟ್ಟಿಗಳೂ ಇದ್ದವು ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಇಡೀ ದೇಶಕ್ಕೆ ಒಂದೇ ರುಚಿ ಇರಲಾರದು ಎಂಬ ತಿಳಿವಳಿಕೆ ಮೊದಲ ದಿನವೇ ಇತ್ತು. ಕಾಲ ಕಳೆದಂತೆ ಸೀಮೆಯ ಪಟ್ಟಿಗಳು ಹಿಂದಕ್ಕೆ ಸರಿದವು, ರಾಷ್ಟ್ರೀಯ ಪಟ್ಟಿ ಮಾತ್ರ ಚರಿತ್ರೆಯಲ್ಲಿ ಉಳಿಯಿತು.

ಹಾರ್ಲೆಮ್ ಪಟ್ಟಿಗೂ ಬಹಳ ದಿನ ಆಯುಷ್ಯ ಇರಲಿಲ್ಲ. 1945ರ ಫೆಬ್ರವರಿಯಲ್ಲಿ ಅದರ ಜಾಗಕ್ಕೆ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರಿನ ಜ್ಯೂಕ್‌ಬಾಕ್ಸ್ ಪಟ್ಟಿ ಬಂತು. ಜ್ಯೂಕ್‌ಬಾಕ್ಸ್ ಎಂದರೆ ಹೋಟೆಲು, ಪಾನಗೃಹಗಳಲ್ಲಿ ಇಡುತ್ತಿದ್ದ, ನಾಣ್ಯ ಹಾಕಿದರೆ ಬೇಕಾದ ಹಾಡು ನುಡಿಯುವ ಪೆಟ್ಟಿಗೆ. ಅಲ್ಲಿಯವರೆಗೆ ಒಂದು ಜಾಗದ ಪಟ್ಟಿಯಾಗಿದ್ದದ್ದು ಅಂದಿನಿಂದ ಒಂದು ಜನಾಂಗದ ಪಟ್ಟಿಯಾಯಿತು. ಇದು ಸಣ್ಣ ಬದಲಾವಣೆಯಲ್ಲ. ಜಾಗದ ಪಟ್ಟಿಯಲ್ಲಿ ಆ ಜಾಗದವರು ಕೊಂಡದ್ದೆಲ್ಲ ಬರುತ್ತದೆ. ಜನಾಂಗದ ಪಟ್ಟಿ ಮಾಡುವಾಗ ಯಾವ ಹಾಡು ಯಾರದು ಎಂದು ಮೊದಲೇ ಯಾರೋ ತೀರ್ಮಾನಿಸಿರಬೇಕಾಗುತ್ತದೆ. 1949ರ ಜೂನ್‌ನಲ್ಲಿ, ಆಗ ಬಿಲ್‌ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಜೆರ‍್ರಿ ವೆಕ್ಸ್‌ಲರ್ ಸೂಚಿಸಿದ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರು ಬಂದು ಆ ಹಳೆಯ ಅವಮಾನದ ಹೆಸರು ಹೋಯಿತು. 1963ರ ನವೆಂಬರಿನಿಂದ 1965ರ ಜನವರಿಯವರೆಗೆ ಬಿಲ್‌ಬೋರ್ಡ್ ಈ ಪಟ್ಟಿಯನ್ನೇ ನಿಲ್ಲಿಸಿಬಿಟ್ಟಿತು. ಎಲ್ಲರೂ ಒಂದೇ ಬಗೆಯ ಹಾಡು ಕೇಳುತ್ತಿದ್ದಾರೆ, ಬೇರೆ ಪಟ್ಟಿ ಏಕೆ ಎಂಬ ಭಾವನೆ ಇತ್ತು. ಅದೇ ಹೊತ್ತಿಗೆ ಬೀಟಲ್ಸ್ ತಂಡ ಅಮೆರಿಕಕ್ಕೆ ಬಂದಿಳಿಯಿತು. ಇಂದು ಆ ಹದಿನಾಲ್ಕು ತಿಂಗಳ ಕಪ್ಪು ಜನರ ಸಂಗೀತದ ಚರಿತ್ರೆ ಬರೆಯುವವರು ‘ಕ್ಯಾಶ್ ಬಾಕ್ಸ್’ ಎಂಬ ಇನ್ನೊಂದು ಪತ್ರಿಕೆಯ ಪಟ್ಟಿಯನ್ನು ನೆಚ್ಚಿಕೊಳ್ಳಬೇಕಾಗಿದೆ. ಲೆಕ್ಕ ನಿಲ್ಲಿಸಿದಾಗ ಸಂಗೀತ ನಿಲ್ಲುವುದಿಲ್ಲ, ಅದರ ಸಾಕ್ಷಿ ಮಾತ್ರ ಇಲ್ಲವಾಗುತ್ತದೆ.

ಹಳ್ಳಿಗಾಡಿನ ಬಿಳಿಯರ ಸಂಗೀತಕ್ಕೂ ಇದೇ ಗತಿ. 1944ರ ಜನವರಿ 8ರಂದು ‘ಫೋಕ್ ರೆಕಾರ್ಡ್ಸ್’ ಎಂದು ಅವರಿಗೊಂದು ಜ್ಯೂಕ್‌ಬಾಕ್ಸ್ ಪಟ್ಟಿ ಸಿಕ್ಕಿತು. ಅದರ ಮೊದಲ ವಾರದ ಮೊದಲ ಸ್ಥಾನ ಹೋದದ್ದು ‘ಪಿಸ್ಟಲ್ ಪ್ಯಾಕಿನ್ ಮಾಮಾ’ಗೆ. ಹಾಡಿದವರು ಮತ್ತೆ ಬಿಂಗ್ ಕ್ರಾಸ್ಬಿ, ಜೊತೆಗೆ ಆ್ಯಂಡ್ರೂಸ್ ಸಹೋದರಿಯರು. ಆ ಹಾಡನ್ನು ಕಟ್ಟಿ ಮೊದಲು ಹಾಡಿದ ಟೆಕ್ಸಸ್‌ನ ಆಲ್ ಡೆಕ್ಸ್‌ಟರ್ ಅವರ ರೆಕಾರ್ಡು ಆಮೇಲೆ ಮೇಲೆ ಬಂತು.

1950ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ, ಊರೂರಿನ ಪಟ್ಟಿಗಳಿಗೆ ಒಳ್ಳೆಯ ಕಾಲ. ಆ ಕೆಲಸ ಮಾಡಿದವು ಸ್ಥಳೀಯ ರೇಡಿಯೋ ಕೇಂದ್ರಗಳು. ಷಿಕಾಗೋದ ಡಬ್ಲ್ಯುಎಲ್‌ಎಸ್ 1960ರಲ್ಲಿ ‘ಸಿಲ್ವರ್ ಡಾಲರ್ ಸರ್ವೆ’ಯನ್ನು ಶುರುಮಾಡಿತು, ಲಾಸ್ ಏಂಜಲಿಸ್‌ನ ಕೆಎಚ್‌ಜೆ 1965ರಲ್ಲಿ ‘ಬಾಸ್ 30’ ತಂದಿತು. ಕೆನಡಾದ ಟೊರಾಂಟೊ ನಗರದ ಚಮ್ ಕೇಂದ್ರದ ಪಟ್ಟಿ 1957ರಿಂದ 1986ರವರೆಗೆ ವಾರ ತಪ್ಪದೆ ನಡೆಯಿತು. ವಾರವಾರವೂ ಅಂಗೈಯಗಲದ ಒಂದು ಹಾಳೆ ಅಚ್ಚಾಗುತ್ತಿತ್ತು. ರೆಕಾರ್ಡ್ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅದರ ಕಟ್ಟು ಇರುತ್ತಿತ್ತು, ಬಂದ ಹುಡುಗ ಹುಡುಗಿಯರು ಪುಕ್ಕಟೆಯಾಗಿ ಒಂದೊಂದು ಎತ್ತಿಕೊಂಡು ಹೋಗುತ್ತಿದ್ದರು. ಬೇರೆ ಊರಿನವರು ಕೇಳಿಯೇ ಇರದ ಹಾಡು ಈ ಊರಿನ ಹಾಳೆಯಲ್ಲಿ ಮೂರನೆಯ ಸ್ಥಾನದಲ್ಲಿ ಇರುತ್ತಿತ್ತು.

ಊರಿನ ಪಟ್ಟಿ ದೇಶವನ್ನೇ ಮುಟ್ಟಿದ್ದಕ್ಕೆ ‘ಹ್ಯಾಂಕಿ ಪ್ಯಾಂಕಿ’ ಎಂಬ ಹಾಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಿಷಿಗನ್ ರಾಜ್ಯದ ನೈಲ್ಸ್ ಎಂಬ ಪುಟ್ಟ ಊರಿನ ಟಾಮಿ ಜೇಮ್ಸ್ ಮತ್ತು ಗೆಳೆಯರು 1964ರಲ್ಲಿ ಅದನ್ನು ಮುದ್ರಿಸಿದರು. ಸುತ್ತಮುತ್ತಲ ಊರುಗಳಲ್ಲಿ ಸ್ವಲ್ಪ ಓಡಿತು, ಮುಗಿಯಿತು. ತಂಡವೂ ಚದುರಿತು. ವರ್ಷ ಕಳೆದ ಮೇಲೆ ನೂರಾರು ಮೈಲಿ ದೂರದ ಪಿಟ್ಸ್‌ಬರ್ಗಿನಲ್ಲಿ ನೃತ್ಯ ಕಾರ್ಯಕ್ರಮ ನಡೆಸುವವರೊಬ್ಬರಿಗೆ ಅದರ ಹಳೆಯ ಪ್ರತಿಯೊಂದು ಸಿಕ್ಕಿತು. ಅವರು ನುಡಿಸಿದರು, ಜನ ಕುಣಿದರು, ರೇಡಿಯೋದವರು ಎತ್ತಿಕೊಂಡರು, ಯಾರೋ ಕಳ್ಳಪ್ರತಿ ಒತ್ತಿ ಮಾರಿದರು. ಆ ಒಂದೇ ಊರಿನಲ್ಲಿ ಎಂಬತ್ತು ಸಾವಿರದಷ್ಟು ಪ್ರತಿಗಳು ಹೋದವೆಂಬ ಅಂದಾಜಿದೆ. ಟಾಮಿ ಜೇಮ್ಸ್ ಪಿಟ್ಸ್‌ಬರ್ಗಿಗೆ ಹೋಗಿ ಅಲ್ಲಿನ ಬೇರೊಂದು ತಂಡವನ್ನೇ ತನ್ನ ತಂಡವನ್ನಾಗಿ ಮಾಡಿಕೊಂಡರು. 1966ರ ಜುಲೈಯಲ್ಲಿ ಆ ಹಾಡು ಅಮೆರಿಕದ ಒಟ್ಟು ಪಟ್ಟಿಯಲ್ಲೇ ಮೊದಲನೆಯದಾಯಿತು. ಪಿಟ್ಸ್‌ಬರ್ಗಿಗೆ ತನ್ನದೇ ಲೆಕ್ಕ ಇಲ್ಲದಿದ್ದರೆ ನ್ಯೂಯಾರ್ಕಿನ ಕಂಪನಿಗಳಿಗೆ ಈ ಸದ್ದು ಕೇಳಿಸುತ್ತಲೇ ಇರಲಿಲ್ಲ.

ಆದರೆ ಈ ಪಟ್ಟಿಗಳೆಲ್ಲ ಶುದ್ಧವಾಗಿದ್ದವು ಎಂದು ಹೇಳಲು ಬರುವುದಿಲ್ಲ. ಅಂಗಡಿಯವರು ಫೋನಿನಲ್ಲಿ ಹೇಳುತ್ತಿದ್ದದ್ದು ಎಷ್ಟು ಮಾರಿತು ಎಂಬ ಸಂಖ್ಯೆಯನ್ನಲ್ಲ, ಯಾವುದು ಮೇಲೆ ಯಾವುದು ಕೆಳಗೆ ಎಂಬ ತಮ್ಮ ಅಂದಾಜನ್ನು. ಕಂಪನಿಯ ಪ್ರತಿನಿಧಿ ನಾಲ್ಕು ಪುಕ್ಕಟೆ ಪ್ರತಿ ಕೊಟ್ಟು ಹೋದರೆ ಅಂದಾಜು ವಾಲುತ್ತಿತ್ತು. ರೇಡಿಯೋ ನಿರೂಪಕರು ಹಣ ಪಡೆದು ಹಾಡು ನುಡಿಸುತ್ತಿದ್ದ ಹಗರಣ 1959-60ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ವಿಚಾರಣೆಗೆ ಬಂತು. ಹಣಕ್ಕಿಂತಲೂ ಹೆಚ್ಚು ಕೆಡುಕು ಮಾಡಿದ್ದು ಅಂಗಡಿಯ ಹುಡುಗರ ಸ್ವಂತ ರುಚಿ. ನಗರದ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದವರಿಗೆ ರಾಕ್ ಸಂಗೀತದ ಹುಚ್ಚು. ಕಂಟ್ರಿ ಹಾಡಿನ ಮಾಲು ಎಷ್ಟು ಖಾಲಿಯಾದರೂ ಅವರ ನೆನಪಿಗೆ ಅದು ಬರುತ್ತಿರಲಿಲ್ಲ.

ಇದು ಬಯಲಾದದ್ದು 1991ರಲ್ಲಿ. ಮೈಕ್ ಶಾಲೆಟ್, ಮೈಕ್ ಫೈನ್ ಎಂಬ ಇಬ್ಬರು ಕಟ್ಟಿದ ‘ಸೌಂಡ್‌ಸ್ಕ್ಯಾನ್’ ವ್ಯವಸ್ಥೆ ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿ ಬಾರ್‌ಕೋಡ್ ಓದಿದ ಪ್ರತಿ ಮಾರಾಟವನ್ನೂ ನೇರವಾಗಿ ಎಣಿಸಿತು. ಆ ವರ್ಷದ ಮೇ 25ರ ಆಲ್ಬಂ ಪಟ್ಟಿಯಿಂದ ಬಿಲ್‌ಬೋರ್ಡ್ ಈ ಲೆಕ್ಕವನ್ನು ಒಪ್ಪಿಕೊಂಡಿತು. ಜೂನ್‌ನಲ್ಲಿ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್ ಅವರ ‘ರೋಪಿನ್ ದ ವಿಂಡ್’ ನೇರವಾಗಿ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು, ಹಾಗೆ ಕಾಲಿಟ್ಟ ಮೊದಲ ಕಂಟ್ರಿ ಆಲ್ಬಂ ಅದು. ಒಂದೇ ಬೇಸಿಗೆಯಲ್ಲಿ ಅಮೆರಿಕನ್ನರ ರುಚಿ ತಲೆಕೆಳಗಾಯಿತೇ? ಇಲ್ಲ. ಅವರು ಮೊದಲಿಂದಲೂ ಕೊಳ್ಳುತ್ತಿದ್ದದ್ದನ್ನು ಅಂದು ಎಣಿಸಿದರು. ಪಟ್ಟಿಗಳ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟನೆ ಇದು. ದಶಕಗಳ ಕಾಲ ‘ಇದಕ್ಕೆ ಮಾರುಕಟ್ಟೆ ಇಲ್ಲ’ ಎಂದು ಬದಿಗೆ ಸರಿಸಿದ್ದ ಸಂಗೀತ, ಎಣಿಸುವ ವಿಧಾನ ಬದಲಾದ ಕೆಲವೇ ವಾರಗಳಲ್ಲಿ ತಲೆಯೆತ್ತಿ ನಿಂತಿತು.

ಹಾಗೆಂದು ಯಂತ್ರ ಬಂದ ಮೇಲೆ ಅನ್ಯಾಯ ಮುಗಿಯಲಿಲ್ಲ. ಸ್ಪ್ಯಾನಿಷ್ ಭಾಷೆಯ ಸಂಗೀತದ ಕಥೆ ನೋಡಿ. 1970ರ ದಶಕದಲ್ಲಿ ಬಿಲ್‌ಬೋರ್ಡ್ ಲ್ಯಾಟಿನ್ ಆಲ್ಬಂಗಳಿಗೆ ನಗರವಾರು, ಸೀಮೆವಾರು ಪಟ್ಟಿ ಕೊಡುತ್ತಿತ್ತು. ನ್ಯೂಯಾರ್ಕಿಗೆ ಒಂದು, ಮಯಾಮಿಗೆ ಒಂದು, ಲಾಸ್ ಏಂಜಲಿಸ್, ಷಿಕಾಗೋ, ಟೆಕ್ಸಸ್‌ಗಳಿಗೆ ಒಂದೊಂದು. ಇದು ಬುದ್ಧಿವಂತಿಕೆಯ ಏರ್ಪಾಡು. ನ್ಯೂಯಾರ್ಕಿನ ಪೋರ್ಟೊರಿಕೋ ಮೂಲದವರು ಸಾಲ್ಸಾ ಕೊಳ್ಳುತ್ತಿದ್ದರು, ಟೆಕ್ಸಸ್‌ನ ಮೆಕ್ಸಿಕನ್ ಮೂಲದವರಿಗೆ ಬೇಕಾದದ್ದು ಅಕಾರ್ಡಿಯನ್ ಮಿಡಿಯುವ ನೊರ್ಟೆನ್ಯೊ. ಭಾಷೆ ಒಂದೇ ಆದರೂ ಇಬ್ಬರ ಕಿವಿಯೂ ಬೇರೆ. 1985ರಲ್ಲಿ ಇವು ಲ್ಯಾಟಿನ್ ಪಾಪ್, ಟ್ರಾಪಿಕಲ್, ರೀಜನಲ್ ಮೆಕ್ಸಿಕನ್ ಎಂಬ ಮೂರು ಪಟ್ಟಿಗಳಾದವು. 1993ರಲ್ಲಿ ಸೌಂಡ್‌ಸ್ಕ್ಯಾನ್ ಲೆಕ್ಕದ ಒಟ್ಟು ಲ್ಯಾಟಿನ್ ಆಲ್ಬಂ ಪಟ್ಟಿ ಬಂತು. ಆದರೆ ಟೆಕ್ಸಸ್‌ನ ಮೆಕ್ಸಿಕನ್ ಬಡಾವಣೆಗಳಲ್ಲಿ ಗಂಡ ಹೆಂಡತಿ ಕೂತು ನಡೆಸುವ ಚಿಕ್ಕ ಅಂಗಡಿಗಳಲ್ಲಿ ಬಾರ್‌ಕೋಡ್ ಯಂತ್ರ ಎಲ್ಲಿತ್ತು? ಸೆಲೆನಾ ಎಂಬ ಟೆಕ್ಸಸ್‌ನ ಗಾಯಕಿಯ ಕ್ಯಾಸೆಟ್ಟುಗಳು ಅಂಥ ಅಂಗಡಿಗಳಲ್ಲಿ ಹೋದದ್ದು ಲೆಕ್ಕಕ್ಕೇ ಸಿಗಲಿಲ್ಲ ಎಂಬ ದೂರು ಅಂದಿನಿಂದಲೂ ಇದೆ. 1995ರ ಮಾರ್ಚ್ 31ರಂದು, ಇಪ್ಪತ್ನಾಲ್ಕು ತುಂಬುವ ಮೊದಲೇ, ಆಕೆಯ ಕೊಲೆಯಾಯಿತು. ಆ ಬೇಸಿಗೆಯಲ್ಲಿ ಹೊರಬಂದ ‘ಡ್ರೀಮಿಂಗ್ ಆಫ್ ಯೂ’ ಮೊದಲ ವಾರವೇ 3,31,000 ಪ್ರತಿ ಮಾರಾಟವಾಗಿ ಅಮೆರಿಕದ ಒಟ್ಟು ಆಲ್ಬಂ ಪಟ್ಟಿಯ ತುದಿಗೇರಿತು. ಆಕೆ ಎಷ್ಟು ದೊಡ್ಡ ಗಾಯಕಿ ಎಂದು ದೇಶಕ್ಕೆ ಪಟ್ಟಿ ತಿಳಿಸಿದ್ದು ಆಕೆ ಹೋದ ಮೇಲೆ.

ಬ್ರಿಟನ್ನಿನಲ್ಲಿ ಪಟ್ಟಿ ಹುಟ್ಟಿದ್ದು 1952ರ ನವೆಂಬರ್ 14ರಂದು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪರ್ಸಿ ಡಿಕಿನ್ಸ್ ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನು ಮಾಡಿ ಅದನ್ನು ಕಟ್ಟಿದರು. ಆ ದೇಶದ ಪಟ್ಟಿಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಭಾರತೀಯರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. 1980ರ ದಶಕದಲ್ಲಿ ಸೌತಾಲ್, ಬರ್ಮಿಂಗ್‌ಹ್ಯಾಮ್‌ಗಳ ಪಂಜಾಬಿ ಮಕ್ಕಳು ಕಟ್ಟಿದ ಭಾಂಗ್ರಾ ತಂಡಗಳ ಕ್ಯಾಸೆಟ್ಟುಗಳು ಸಾವಿರ ಸಾವಿರ ಮಾರುತ್ತಿದ್ದವು. ಮಾರುತ್ತಿದ್ದದ್ದು ದಿನಸಿ ಅಂಗಡಿ, ಸೀರೆ ಅಂಗಡಿ, ಮಿಠಾಯಿ ಅಂಗಡಿಗಳಲ್ಲಿ. 1983ರಿಂದ ಅಲ್ಲಿಯ ಅಧಿಕೃತ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಗ್ಯಾಲಪ್ ಸಂಸ್ಥೆಯ ಯಂತ್ರ ಇದ್ದದ್ದು ರೆಕಾರ್ಡ್ ಅಂಗಡಿಗಳಲ್ಲಿ. ಹೀಗಾಗಿ ಒಂದು ತಲೆಮಾರಿನ ಮದುವೆ ಮನೆಗಳನ್ನೆಲ್ಲ ಕುಣಿಸಿದ ಸಂಗೀತ ಬ್ರಿಟನ್ನಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 2003ರ ಜನವರಿಯಲ್ಲಿ ಪಂಜಾಬಿ ಎಂಸಿಯ ‘ಮುಂಡಿಯಾ ತೋ ಬಚ್ ಕೆ’ ಐದನೆಯ ಸ್ಥಾನಕ್ಕೆ ಬಂದಾಗ ಪತ್ರಿಕೆಗಳಿಗೆ ಭಾಂಗ್ರಾ ಹೊಸ ಸುದ್ದಿಯಾಗಿ ಕಂಡಿತು. ಆ ಹೊತ್ತಿಗೆ ಅಲ್ಲಿ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು.

ಆಸ್ಟ್ರೇಲಿಯದ ಕಥೆ ನಮಗೆ ಪಾಠವಾಗಬಲ್ಲದು. ಅಲ್ಲಿ ಬಹುಕಾಲ ದೇಶಕ್ಕೊಂದು ಪಟ್ಟಿಯೇ ಇರಲಿಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಅಡಿಲೇಡ್, ಪರ್ತ್ ನಗರಗಳಿಗೆ ಬೇರೆ ಬೇರೆ ಪಟ್ಟಿಗಳು. 1966ರಲ್ಲಿ ‘ಗೋ-ಸೆಟ್’ ಎಂಬ ಯುವಜನರ ವಾರಪತ್ರಿಕೆ ಒಂದು ರಾಷ್ಟ್ರೀಯ ಪಟ್ಟಿ ಆರಂಭಿಸಿತು. 1974ರಲ್ಲಿ ಡೇವಿಡ್ ಕೆಂಟ್ ಎಂಬ ಸಂಗೀತಪ್ರೇಮಿ ‘ಕೆಂಟ್ ಮ್ಯೂಸಿಕ್ ರಿಪೋರ್ಟ್’ ಹೊರತಂದರು. ಅವರು ಅಲ್ಲಿಗೆ ನಿಲ್ಲಲಿಲ್ಲ. ಪಟ್ಟಿಯೇ ಇರದಿದ್ದ ಹಿಂದಿನ ವರ್ಷಗಳ ಕಡೆ ತಿರುಗಿ, ಊರೂರಿನ ಹಳೆಯ ಪಟ್ಟಿಗಳನ್ನು ಕಲೆಹಾಕಿ, ಅವುಗಳನ್ನು ಹೊಂದಿಸಿ, 1940ರಿಂದ 1969ರವರೆಗೆ ಆಸ್ಟ್ರೇಲಿಯನ್ನರು ಏನು ಕೊಂಡರು ಎಂಬುದನ್ನು ಪುಸ್ತಕವಾಗಿ ಕಟ್ಟಿಕೊಟ್ಟರು. ಊರಿನ ಪಟ್ಟಿಗಳನ್ನು ಯಾರೋ ಎತ್ತಿಟ್ಟಿದ್ದರಿಂದ ದೇಶದ ಪಟ್ಟಿಯನ್ನು ಹಿಂದಕ್ಕೆ ಹೋಗಿ ಕಟ್ಟಲು ಸಾಧ್ಯವಾಯಿತು.

ಇನ್ನು ಭಾರತಕ್ಕೆ ಬರೋಣ. ನಮ್ಮ ದೇಶದ ಮೊದಲ ಜನಪ್ರಿಯ ಹಾಡಿನ ಪಟ್ಟಿ ಹುಟ್ಟಿದ್ದು ದೇಶದ ಹೊರಗೆ, ಕೊಲಂಬೋದಲ್ಲಿ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ನೀತಿಯಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಜಾಗ ಇಲ್ಲದಂತಾಯಿತು. ಕೇಳುಗರು ರೇಡಿಯೋ ಸಿಲೋನಿನ ಕಡೆ ತಿರುಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅವರ ದನಿಯಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಹಲ್ಲುಜ್ಜುವ ಪೇಸ್ಟಿನ ಹೆಸರು ಹೊತ್ತ ಆ ಕಾರ್ಯಕ್ರಮ ಬುಧವಾರದ ರಾತ್ರಿಗಳನ್ನು ಮೂರು ದಶಕಕ್ಕೂ ಹೆಚ್ಚು ಕಾಲ ಆಳಿತು. ಮೊದಮೊದಲು ಕೇಳುಗರ ಪತ್ರಗಳೇ ಆಧಾರ. ಪತ್ರದ ರಾಶಿಯನ್ನು ಯಾರು ಬೇಕಾದರೂ ಹಾಕಿಸಬಹುದೆಂದು ಗೊತ್ತಾದ ಮೇಲೆ ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯ ಎರಡನ್ನೂ ಸೇರಿಸಿ ‘ಪಾಯಿದಾನ್’, ಅಂದರೆ ಮೆಟ್ಟಿಲು, ನಿರ್ಧರಿಸುತ್ತಿದ್ದರು. ಸಯಾನಿ ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಸರ್ಕಾರದ ನೆರವಿಲ್ಲದೆ, ಉದ್ಯಮದ ಸಂಘಟಿತ ಲೆಕ್ಕವಿಲ್ಲದೆ, ಅಷ್ಟು ವರ್ಷ ಹಿಂದಿ ಚಿತ್ರಗೀತೆಯ ಜನಪ್ರಿಯತೆಗೆ ಒಂದು ದಾಖಲೆ ಉಳಿಯಿತೆಂದರೆ ಅದು ಆ ಒಂದು ಕಾರ್ಯಕ್ರಮದ ಪುಣ್ಯ.

ಗೀತಮಾಲಾವನ್ನು ಹುಬ್ಬಳ್ಳಿಯಲ್ಲೂ ಕೇಳಿದರು, ಮೈಸೂರಿನಲ್ಲೂ ಕೇಳಿದರು. ಆದರೆ ಅದರಲ್ಲಿ ಎಣಿಕೆಯಾದದ್ದು ಹಿಂದಿ ಹಾಡು. ಕನ್ನಡದ ಹಾಡಿಗೆ ಅಂಥದೊಂದು ಮೆಟ್ಟಿಲು ಇರಲಿಲ್ಲ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ರಾಶಿ ರಾಶಿ ಕಾರ್ಡು ಬರುತ್ತಿದ್ದವು. ಯಾವ ಊರಿನಿಂದ ಯಾವ ಹಾಡಿಗೆ ಎಷ್ಟು ಕಾರ್ಡು ಬಂತು ಎಂದು ಯಾರಾದರೂ ಬರೆದಿಟ್ಟಿದ್ದರೆ ಇಂದು ಅದು ಚಿನ್ನದಂಥ ದಾಖಲೆಯಾಗುತ್ತಿತ್ತು.

ಕ್ಯಾಸೆಟ್ ಬಂದ ಮೇಲೆ ಕನ್ನಡದಲ್ಲಿ ನಿಜವಾದ ಮಾರುಕಟ್ಟೆ ಹುಟ್ಟಿತು. ಅಲ್ಲಿಯವರೆಗೆ ರೆಕಾರ್ಡು ಒತ್ತುವುದು ಕೋಲ್ಕತ್ತದ ಡಂ ಡಂ ಕಾರ್ಖಾನೆಯ ದೊಡ್ಡ ಕಂಪನಿಯ ಕೈಯಲ್ಲಿತ್ತು. ಗ್ರಾಮಫೋನ್ ಇದ್ದ ಮನೆಗಳೂ ಕಡಿಮೆ. ಕ್ಯಾಸೆಟ್ ಅಗ್ಗ, ಅದನ್ನು ತಯಾರಿಸುವ ಯಂತ್ರವೂ ಚಿಕ್ಕದು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಯಿತು. ಸಿ. ಅಶ್ವಥ್ ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದು ಕ್ಯಾಸೆಟ್ಟಿನ ಮೂಲಕ. 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’, ಹಂಸಲೇಖ ಅವರ ಸಂಗೀತ, ಲಹರಿ ಸಂಸ್ಥೆಯ ಕ್ಯಾಸೆಟ್. ಕನ್ನಡ ಹಾಡಿಗೂ ಇಂಥ ಮಾರಾಟ ಇದೆ ಎಂದು ಉದ್ಯಮಕ್ಕೆ ಆಗ ಗೊತ್ತಾಯಿತು. ಇವಲ್ಲದೆ ಯಕ್ಷಗಾನ, ತಾಳಮದ್ದಳೆ, ಮಾದಪ್ಪನ ಪದ, ಎಲ್ಲಮ್ಮನ ಹಾಡು, ಹರಿಕಥೆ, ಉತ್ತರ ಕರ್ನಾಟಕದ ಸಣ್ಣಾಟ ದೊಡ್ಡಾಟ, ಗೀಗೀ ಪದ, ಹಾಸ್ಯ ಪ್ರಸಂಗ, ಎಲ್ಲಕ್ಕೂ ಕ್ಯಾಸೆಟ್ ಇತ್ತು, ಎಲ್ಲಕ್ಕೂ ಗಿರಾಕಿ ಇದ್ದರು. ಕ್ಯಾಸೆಟ್ ಭಾರತವನ್ನು ಬದಲಿಸಿದ ಬಗೆಯನ್ನು ಪೀಟರ್ ಮ್ಯಾನ್ಯುಯಲ್ 1993ರ ‘ಕ್ಯಾಸೆಟ್ ಕಲ್ಚರ್’ ಎಂಬ ಗ್ರಂಥದಲ್ಲಿ ವಿವರವಾಗಿ ಬರೆದರು. ಆದರೆ ಅದು ಉತ್ತರ ಭಾರತದ ಅಧ್ಯಯನ. ನಮ್ಮ ಕಥೆ ಅದರಲ್ಲಿ ಇಲ್ಲ.

ಆ ಕಾಲದ ತಾಲ್ಲೂಕು ಕೇಂದ್ರದ ಕ್ಯಾಸೆಟ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಬಸ್ ಸ್ಟ್ಯಾಂಡಿನ ಎದುರು ಎಂಟು ಅಡಿ ಅಗಲದ ಮಳಿಗೆ. ಗೋಡೆ ತುಂಬ ಗೂಡುಗೂಡು, ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ ಕ್ಯಾಸೆಟ್ಟುಗಳು. ಹೊಸ ಸಿನಿಮಾದ್ದು ಬಂದರೆ ರಸ್ತೆಗೆ ತಿರುಗಿಸಿದ ಸ್ಪೀಕರಿನಲ್ಲಿ ಬೆಳಗಿನಿಂದ ಅದೇ ಹಾಡು. ಒಳಗೆ ಎರಡು ಡೆಕ್ಕುಗಳು ಓಡುತ್ತಿರುತ್ತಿದ್ದವು. ಗಿರಾಕಿ ಅರವತ್ತು ನಿಮಿಷದ ಖಾಲಿ ‘ಸಿಕ್ಸ್‌ಟಿ’ಯನ್ನೋ ತೊಂಬತ್ತು ನಿಮಿಷದ ‘ನೈಂಟಿ’ಯನ್ನೋ ಕೊಂಡು, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ತನಗೆ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು ಹೋಗುತ್ತಿದ್ದ. ಅಂಗಡಿಯವನು ಆ ಚೀಟಿಗಳನ್ನು ಒಂದು ಮೊಳೆಗೆ ಚುಚ್ಚಿಡುತ್ತಿದ್ದ. ಹೀಗೆ ಹಾಡುಗಳನ್ನು ನಕಲು ಮಾಡಿಕೊಡುವುದು ಕಾನೂನಿನ ಕಣ್ಣಿನಲ್ಲಿ ತಪ್ಪು ಕೆಲಸ, ಕಲಾವಿದರಿಗೆ ಅದರಿಂದ ಬಿಡಿಗಾಸೂ ಸಿಗುತ್ತಿರಲಿಲ್ಲ. ಆದರೆ ಆ ಮೊಳೆಯಲ್ಲಿದ್ದ ಚೀಟಿಗಳು ಆ ಊರಿನ ಕಿವಿಯ ನಿಜವಾದ ದಾಖಲೆ. ರಾಜ್‌ಕುಮಾರ್ ಹಾಡಿನ ಪಕ್ಕ ಒಂದು ಹಿಂದಿ ಗಜಲ್, ಅದರ ಕೆಳಗೆ ದಾಸರ ಪದ, ಆಮೇಲೊಂದು ತಮಿಳು ಹಾಡು. ಹಾರ್ಲೆಮ್ಮಿನವರು ಬಿಂಗ್ ಕ್ರಾಸ್ಬಿಯನ್ನು ಕೊಂಡ ಹಾಗೆ ನಮ್ಮವರೂ ಯಾವ ಗೆರೆಗೂ ಕಟ್ಟುಬೀಳದೆ ಕೊಂಡರು. ಆ ಚೀಟಿಗಳೆಲ್ಲ ಎಲ್ಲಿ ಹೋದವು?

ಅಂಗಡಿಯ ಲೆಕ್ಕ ಸಿಗದ ಕಾರಣ ನಮಗೆ ಉಳಿದಿರುವುದು ಕಂಪನಿಗಳ ಮಾತು. ಇಷ್ಟು ಲಕ್ಷ ಕ್ಯಾಸೆಟ್ ಹೋದವು ಎಂಬ ಜಾಹೀರಾತು, ಪ್ಲಾಟಿನಂ ಡಿಸ್ಕ್ ಸಮಾರಂಭದ ಫೋಟೋ. ಹೊರಗಿನವರು ಪರಿಶೀಲಿಸಿದ ಸಂಖ್ಯೆ ಇಲ್ಲದಿರುವುದರಿಂದ ಅವನ್ನು ನಿಜವೆಂದು ಒಪ್ಪಲೂ ಆಗದು, ಸುಳ್ಳೆಂದು ತಳ್ಳಲೂ ಆಗದು. ಇದರಿಂದ ಆದ ಅನ್ಯಾಯ ಸಿನಿಮಾದವರಿಗಿಂತ ಸಿನಿಮಾದಲ್ಲಿ ಇಲ್ಲದವರಿಗೆ ಹೆಚ್ಚು. ಚಿತ್ರಗೀತೆಗೆ ಪೋಸ್ಟರಿತ್ತು, ಪತ್ರಿಕೆಯಲ್ಲಿ ಅಂಕಣವಿತ್ತು. ಜಾತ್ರೆಯ ಸಾಲಂಗಡಿಯಲ್ಲಿ ಮಾರಾಟವಾದ ಜನಪದ ಗಾಯಕಿಯ ಕ್ಯಾಸೆಟ್ಟಿಗೆ ಯಾವ ಸಾಕ್ಷಿಯೂ ಇಲ್ಲ. ಆಕೆ ಎಷ್ಟು ಮನೆಗಳನ್ನು ಮುಟ್ಟಿದ್ದಳು ಎಂದು ಮುಂದಿನವರಿಗೆ ತೋರಿಸಲು ಒಂದು ಸಾಲಿನ ಆಧಾರವೂ ಇಲ್ಲ.

ಕ್ಯಾಸೆಟ್ ಹೋಯಿತು, ಸಿಡಿ ಬಂದು ಹೋಯಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಎಫ್‌ಎಂನವರೂ ಟಿ.ವಿ.ಯವರೂ ಟಾಪ್ ಟೆನ್‌ಗಳನ್ನು ಕೊಟ್ಟರು. ಅವು ಸ್ಟುಡಿಯೋದಲ್ಲಿ ನಿರ್ಧಾರವಾಗುವ ಪಟ್ಟಿಗಳು, ಕೊಂಡವರ ಲೆಕ್ಕ ಅಲ್ಲ. ಈಗ ಮೊಬೈಲಿನಲ್ಲಿ ಹಾಡು ಕೇಳುವ ಕಾಲ. ಪ್ರತಿ ಕೇಳ್ವಿಕೆಯೂ ಯಾವ ಊರಿನಲ್ಲಿ, ಎಷ್ಟು ಹೊತ್ತಿಗೆ ಎಂಬುದರ ಸಮೇತ ಕಂಪನಿಗಳ ಕಂಪ್ಯೂಟರಿನಲ್ಲಿ ಬೀಳುತ್ತದೆ. ಎಣಿಸಲು ಇಷ್ಟು ಸುಲಭವಾದ ಕಾಲ ಹಿಂದೆಂದೂ ಇರಲಿಲ್ಲ. ಆದರೂ 2021ರ ಜೂನ್‌ನಲ್ಲಿ ಭಾರತೀಯ ಸಂಗೀತ ಉದ್ಯಮದ ಸಂಘಟನೆಯಾದ ಐಎಂಐ ತನ್ನ ಅಧಿಕೃತ ವಾರದ ಪಟ್ಟಿಯನ್ನು ಹೊರತಂದಾಗ ಅದು ಭಾರತದಲ್ಲಿ ಓಡುವ ವಿದೇಶಿ ಹಾಡುಗಳ ಟಾಪ್ 20 ಆಗಿತ್ತು. ದೇಶದ ಭಾಷೆಗಳಿಗೆ ಅದರಲ್ಲಿ ಜಾಗ ಇರಲಿಲ್ಲ. 2022ರಲ್ಲಿ ಬಿಲ್‌ಬೋರ್ಡ್ ಭಾರತಕ್ಕೆ 25 ಹಾಡುಗಳ ಪಟ್ಟಿಯೊಂದನ್ನು ಕೊಟ್ಟಿತು, ಇಡೀ ದೇಶಕ್ಕೆ ಒಂದು.

ಇಡೀ ದೇಶಕ್ಕೆ ಒಂದು ಪಟ್ಟಿ ಎಂದರೆ ಕನ್ನಡಕ್ಕೆ ಏನಾಗುತ್ತದೆ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ. ದೇಶದ ಜನಸಂಖ್ಯೆ ಆಗ 121 ಕೋಟಿ. ಕನ್ನಡಿಗರೆಲ್ಲ ಒಂದೇ ಹಾಡನ್ನು ಹಗಲಿರುಳು ಕೇಳಿದರೂ ಹಿಂದಿಯ ಸಾಧಾರಣ ಹಾಡೊಂದರ ಮುಂದೆ ಅದು ಕೆಳಗೇ ಉಳಿಯಬಹುದು. ಕೆಂಟ್ ತಮ್ಮ ಪಟ್ಟಿ ಆರಂಭಿಸಿದಾಗ ಆಸ್ಟ್ರೇಲಿಯದ ಒಟ್ಟು ಜನಸಂಖ್ಯೆ 1.4 ಕೋಟಿಯನ್ನೂ ಮುಟ್ಟಿರಲಿಲ್ಲ. ಅದರ ಮೂರು ಪಟ್ಟು ಜನರಿರುವ ಭಾಷೆಗೆ ತನ್ನದೇ ಆದ, ಹೊರಗಿನವರು ಪರಿಶೀಲಿಸಿದ, ವಾರವಾರವೂ ಪ್ರಕಟವಾಗುವ ಪಟ್ಟಿ ಇಲ್ಲ ಎಂಬುದನ್ನು ನಾವು ಸಹಜವೆಂದು ಒಪ್ಪಿಕೊಂಡು ಕೂತಿದ್ದೇವೆ. ಅದು ಸಹಜ ಅಲ್ಲ.

ಯೂಟ್ಯೂಬಿನ ವೀಕ್ಷಣೆಯ ಸಂಖ್ಯೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಆ ಸಂಖ್ಯೆಗೂ ರೋಗ ತಗಲಿದೆ. 2019ರ ಜುಲೈನಲ್ಲಿ ರ‍್ಯಾಪ್ ಗಾಯಕ ಬಾದ್‌ಶಾ ಅವರ ‘ಪಾಗಲ್’ ಹಾಡು 24 ಗಂಟೆಯಲ್ಲಿ ಏಳೂವರೆ ಕೋಟಿ ವೀಕ್ಷಣೆ ಕಂಡಿತೆಂದು ಸಾರಲಾಯಿತು. ಜಾಹೀರಾತಿಗೆ ಹಣ ಕೊಟ್ಟು ಬಂದ ವೀಕ್ಷಣೆಗಳು ಅದರಲ್ಲಿವೆ ಎಂಬ ವಿವಾದ ಎದ್ದಿತು. ಯೂಟ್ಯೂಬ್ ಆ ದಾಖಲೆಯನ್ನು ಘೋಷಿಸಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಜಾಹೀರಾತಿನ ವೀಕ್ಷಣೆಯನ್ನು ತನ್ನ ಪಟ್ಟಿಗಳಿಗೆ ಲೆಕ್ಕ ಹಿಡಿಯುವುದಿಲ್ಲ ಎಂಬ ನಿಯಮ ತಂದಿತು. ಹಾಡಿನ ಕೆಳಗೆ ಕಾಣುವ ಒಟ್ಟು ಸಂಖ್ಯೆ ಎಲ್ಲಿಂದ ಬಂತು ಎಂದು ನೋಡುಗನಿಗೆ ತಿಳಿಯುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಚಿಕ್ಕ ಸ್ಟುಡಿಯೋಗಳಲ್ಲಿ ತಯಾರಾಗುವ ಜಾನಪದ ಶೈಲಿಯ ಹಾಡುಗಳಿಗೆ ಲಕ್ಷಗಟ್ಟಲೆ ಕೇಳುಗರಿದ್ದಾರೆ. ಟ್ರ್ಯಾಕ್ಟರಿನ ಮೇಲೆ, ಜಾತ್ರೆಯ ಡಿಜೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಅವೇ ಹಾಡು. ಬೆಂಗಳೂರಿನ ಉದ್ಯಮಕ್ಕೆ ಅವರ ಹೆಸರು ಗೊತ್ತಾಗುವುದು ಯಾವುದೋ ಸಿನಿಮಾ ಆ ಧಾಟಿಯನ್ನು ಎತ್ತಿಕೊಂಡಾಗ. ಬ್ರಾಕ್‌ಮನ್ ಕಾಲದ ಅಟ್ಲಾಂಟಾಕ್ಕೂ ಇಂದಿನ ಬಾಗಲಕೋಟೆಗೂ ಈ ವಿಷಯದಲ್ಲಿ ಹೆಚ್ಚು ಅಂತರ ಇಲ್ಲ.

ಪಟ್ಟಿ ಬರೀ ಹೆಮ್ಮೆಯ ವಿಷಯವಲ್ಲ, ಹೊಟ್ಟೆಪಾಡಿನ ವಿಷಯವೂ ಹೌದು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದಲ್ಲಿ ಪಾಲು ಸಿಗಬೇಕೆಂಬುದು ಕಾನೂನು. ಪಾಲು ಹಂಚಬೇಕಾದರೆ ಎಣಿಕೆ ಬೇಕು, ಎಣಿಕೆ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಯಾವ ಸೀಮೆಯಲ್ಲಿ ಯಾವ ಹಾಡಿಗೆ ಕೇಳುಗರಿದ್ದಾರೆ ಎಂದು ಗೊತ್ತಾದರೆ ಕಲಾವಿದರು ಕಾರ್ಯಕ್ರಮಕ್ಕೆ ಸಂಭಾವನೆಯನ್ನು ಧೈರ್ಯವಾಗಿ ಕೇಳಬಹುದು.

ಆದ್ದರಿಂದ ಮೂರು ಕಡೆಗೆ ನನ್ನ ಕೋರಿಕೆ. ಸ್ಟ್ರೀಮಿಂಗ್ ಕಂಪನಿಗಳೂ ಐಎಂಐಯೂ ಕನ್ನಡಕ್ಕೆ ಒಂದು ವಾರದ ಪಟ್ಟಿಯನ್ನು, ಸಾಧ್ಯವಾದರೆ ಜಿಲ್ಲಾವಾರು ವಿಂಗಡಣೆಯೊಂದಿಗೆ, ಹಣ ಕೊಟ್ಟು ತಂದ ಎಣಿಕೆಯನ್ನು ಕಳೆದು, ಪ್ರಕಟಿಸಲಿ. ಆಪಲ್ ಮ್ಯೂಸಿಕ್ 2021ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ನಗರಗಳಿಗೆ ಪ್ರತ್ಯೇಕ ಪಟ್ಟಿ ಆರಂಭಿಸಿದೆ. ನಗರಕ್ಕೆ ಆಗುವುದಾದರೆ ಜಿಲ್ಲೆಗೂ ಆಗುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಸಂಗೀತ ನೃತ್ಯ ಅಕಾಡೆಮಿ, ಇವುಗಳಲ್ಲಿ ಯಾವುದಾದರೂ ಒಂದು ಸಂಸ್ಥೆ ಕ್ಯಾಸೆಟ್ ಕಾಲದ ಕಂಪನಿಗಳ ಮಾರಾಟದ ಲೆಡ್ಜರು, ಆರ್ಡರ್ ಪುಸ್ತಕ, ಕ್ಯಾಟಲಾಗುಗಳನ್ನು ಕಲೆಹಾಕುವ ಕೆಲಸಕ್ಕೆ ಕೈಹಾಕಲಿ. ಆ ಅಂಗಡಿಗಳನ್ನು ನಡೆಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೂರಿಸಿ ಕೇಳಲು ಹತ್ತು ವರ್ಷ ತಡ ಮಾಡುವಂತಿಲ್ಲ. ಕೊನೆಯದಾಗಿ, ಈ ಲೇಖನ ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಕ್ಯಾಸೆಟ್ ಅಂಗಡಿಯೋ ಹೋಲ್‌ಸೇಲ್ ವ್ಯಾಪಾರವೋ ಇದ್ದಿದ್ದರೆ, ಅಟ್ಟದ ಮೇಲಿರುವ ಹಳೆಯ ಬಿಲ್ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ನಿಮ್ಮ ಊರಿನ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಅವನ್ನು ಒಪ್ಪಿಸಿ.